ಕಾಯಿಲೆಯ ಗುಟ್ಟು ಯಾರ ಕೈಯಲ್ಲಿ?

ನಮ್ಮೂರಿನ ಔಷಧದಂಗಡಿಯಲ್ಲಿ ಒಂದು ಪದ್ಧತಿಯಿದೆ. ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪು, ಮಂಡಿನೋವಿನ ಮುಲಾಮು ಕೇಳಿದರೆ ಹಾಗೆಯೇ ಕೈಗಿಡುತ್ತಾರೆ. ಇನ್ನು ಕೆಲವನ್ನು ಮಾತ್ರ, ಗಿರಾಕಿ ಹೇಳದಿದ್ದರೂ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕರಿಯ ಚೀಲದೊಳಗೆ ಹಾಕಿ, ಅತ್ತಿತ್ತ ನೋಡಿ ಕೊಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಕರಿಯ ಚೀಲ ಹಿಡಿದು ಮೆಟ್ಟಿಲಿಳಿಯುವವರ ಕೈಯಲ್ಲಿ ಏನಿರಬಹುದೆಂಬುದು ಎದುರಿನ ಅರಳಿಕಟ್ಟೆಯ ಹುಡುಗರಿಗೆಲ್ಲ ಗೊತ್ತು. ಮುಚ್ಚಿ ಕೊಟ್ಟದ್ದೇ ಗುರುತಾಗಿಬಿಟ್ಟಿದೆ! ಕಾಯಿಲೆಯ ಗುಟ್ಟು ಕಾಯುವುದು ನಾವು ತಿಳಿದಷ್ಟು ಸುಲಭವಲ್ಲ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಗುಟ್ಟು ಈಗ ಕಾಗದದಿಂದ ಕಂಪ್ಯೂಟರಿಗೆ ಸ್ಥಳಾಂತರವಾಗುತ್ತಿದೆ. ನಮ್ಮ ಮಕ್ಕಳ ರಕ್ತದ ಗುಂಪು, ಅವರಿಗೆ ಹಾಕಿಸಿದ ಲಸಿಕೆ, ಕಣ್ಣಿನ ದೋಷ, ಚಿಕ್ಕಂದಿನಲ್ಲಿ ಬಂದುಹೋದ ಕಾಯಿಲೆ ಎಲ್ಲವೂ ಎಲ್ಲೋ ಒಂದು ಕಡೆ ದಾಖಲಾಗುತ್ತಿವೆ. ಅಪ್ಪ ಅಮ್ಮಂದಿರು ಅರ್ಜಿಯ ಕೊನೆಯಲ್ಲಿ ಸಹಿ ಹಾಕಿ ಮನೆಗೆ ಹೋಗುತ್ತಾರೆ. ಆಮೇಲೆ ಅದನ್ನು ಓದುವವರು ಯಾರು?

ನಾನು ಚಿಕ್ಕವನಾಗಿದ್ದಾಗ ಈ ಪ್ರಶ್ನೆ ಯಾರಿಗೂ ಹುಟ್ಟುತ್ತಿರಲಿಲ್ಲ. ನಮ್ಮ ಪೇಟೆಯ ಡಾಕ್ಟರ ಬಳಿ ದಪ್ಪ ರಟ್ಟಿನ ಒಂದು ರಿಜಿಸ್ಟರು ಇತ್ತು. ನಾವು ಮನೆಯಿಂದಲೇ ಒಯ್ದ ಸೀಸೆಗೆ ಕಂಪೌಂಡರು ಕೆಂಪು ಔಷಧ ಸುರಿದು, ಡೋಸಿನ ಲೆಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ರಿಜಿಸ್ಟರಿನ ಅಕ್ಷರ ಡಾಕ್ಟರಿಗೂ ಕಂಪೌಂಡರಿಗೂ ಬಿಟ್ಟರೆ ಮೂರನೆಯವರಿಗೆ ಅರ್ಥವಾಗುತ್ತಿರಲಿಲ್ಲ. ವೈದ್ಯರ ಕೈಬರಹವೇ ಲೋಕದ ಮೊಟ್ಟಮೊದಲ ಗೂಢಲಿಪಿ ಎಂದು ನಾನು ತಮಾಷೆಗೆ ಹೇಳುವುದುಂಟು. ಗುಟ್ಟು ಕದಿಯಬೇಕೆಂದರೆ ಆ ಕೋಣೆಗೇ ನುಗ್ಗಬೇಕು, ಐದು ಸೇರು ತೂಗುವ ಆ ಪುಸ್ತಕವನ್ನೇ ಹೊತ್ತೊಯ್ಯಬೇಕು. ಹೊತ್ತೊಯ್ದರೆ ಮರುದಿನ ಬೆಳಿಗ್ಗೆ ಮೇಜು ಖಾಲಿ ಕಾಣುತ್ತದೆ, ಊರಿಗೆಲ್ಲ ಸುದ್ದಿಯಾಗುತ್ತದೆ.

ಕಂಪ್ಯೂಟರಿನ ಕಳವು ಹಾಗಲ್ಲ. ಲಕ್ಷಾಂತರ ಜನರ ಕಾಯಿಲೆಯ ಕಥೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಚಿಪ್ಪಿನಲ್ಲಿ ಹಿಡಿಸುತ್ತದೆ. ಕದ್ದ ಮೇಲೂ ಮೂಲಪ್ರತಿ ಇದ್ದಲ್ಲಿಯೇ ಇರುತ್ತದೆ! ಏನೂ ಕಾಣೆಯಾಗದ ಕಳ್ಳತನ ಇದು. ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಹೋಗಬಹುದು.

ಹಾಗೆಂದು ಈ ಲೇಖನ ಓದಿ ಯಾರೂ ಕಂಪ್ಯೂಟರೇ ಬೇಡವೆಂದು ತೀರ್ಮಾನಿಸಬಾರದು. ನಮ್ಮ ತಾಯಿಗೆ ಸಕ್ಕರೆ ಕಾಯಿಲೆಯಿತ್ತು. ಹತ್ತು ವರ್ಷಗಳ ರಿಪೋರ್ಟುಗಳನ್ನು ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗುತ್ತಿದ್ದೆವು. ಡಾಕ್ಟರು ಕೇಳಿದ ಕಾಗದ ಮಾತ್ರ ಎಂದೂ ಮೇಲಿರುತ್ತಿರಲಿಲ್ಲ. ಪೆನಿಸಿಲಿನ್ ಒಗ್ಗದವನ ದಾಖಲೆ ಹೊಸ ಊರಿನ ಡಾಕ್ಟರಿಗೆ ಒಂದು ಕ್ಷಣದಲ್ಲಿ ಸಿಕ್ಕಿದರೆ ಒಂದು ಜೀವವೇ ಉಳಿಯಬಹುದು. ಇಂಥ ದಾಖಲೆ ಹೇಗಿರಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ಮೊದಲ ಬಾರಿಗೆ ಮಾನದಂಡ ಗೊತ್ತುಮಾಡಿ, 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಅದರಡಿ ಕೊಡುವ 14 ಅಂಕಿಗಳ ಆರೋಗ್ಯ ಸಂಖ್ಯೆಯೇ ‘ಆಭಾ’. ಎಲ್ಲರ ದಾಖಲೆಯನ್ನೂ ದಿಲ್ಲಿಯ ಒಂದೇ ಉಗ್ರಾಣದಲ್ಲಿ ತುಂಬುವ ಯೋಜನೆ ಇದಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ, ರೋಗಿ ಒಪ್ಪಿದಾಗ ಮಾತ್ರ ಇನ್ನೊಂದು ಕಡೆಗೆ ಕಾಣಿಸುತ್ತದೆ ಎಂಬುದು ಅದರ ಏರ್ಪಾಡು. ಏರ್ಪಾಡು ಚೆನ್ನಾಗಿದೆ. ಆದರೆ ಅದು ನಡೆಯುವುದು ಮನುಷ್ಯರ ಕೈಯಲ್ಲಿ.

‘ನಿಮ್ಮ ಹೆಸರು ತೆಗೆದುಬಿಟ್ಟಿದ್ದೇವೆ, ಹೆದರಬೇಡಿ’ ಎಂಬ ಮಾತನ್ನು ಈ ರಂಗದಲ್ಲಿ ಪದೇ ಪದೇ ಕೇಳುತ್ತೇವೆ. ಕರಿಯ ಚೀಲದ ಕಥೆ ಶುರುವಾಗುವುದೇ ಇಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1990ರ ದಶಕದ ನಡುವಿನಲ್ಲಿ ಸರ್ಕಾರಿ ನೌಕರರ ವಿಮಾ ಮಂಡಳಿಯೊಂದು ತನ್ನ ಬಳಿಯಿದ್ದ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಒದಗಿಸಿತು. ಹೆಸರು, ವಿಳಾಸ ಅಳಿಸಲಾಗಿತ್ತು. ಜನರ ಗುಟ್ಟಿಗೆ ಧಕ್ಕೆಯಿಲ್ಲವೆಂದು ರಾಜ್ಯಪಾಲ ವಿಲಿಯಂ ವೆಲ್ಡ್ ಭರವಸೆ ಕೊಟ್ಟಿದ್ದರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಿದ್ದಂತೆ.) 1996ರ ಮೇ ತಿಂಗಳಲ್ಲಿ ಅವರು ಕಾಲೇಜೊಂದರ ಘಟಿಕೋತ್ಸವದಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಲತಾನ್ಯಾ ಸ್ವೀನಿ ಆಗ ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿ. ಆಕೆ 20 ಡಾಲರು ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿಯನ್ನು ಕೊಂಡು ತಂದರು. ಅದರಲ್ಲಿ ಹೆಸರು, ಜನ್ಮದಿನ, ಲಿಂಗ, ನಮ್ಮ ಪಿನ್‌ಕೋಡಿನಂಥ ಜಿಪ್‌ಕೋಡು ಇದ್ದವು. ಆಸ್ಪತ್ರೆಯ ದಾಖಲೆಯಲ್ಲಿ ಹೆಸರೊಂದನ್ನು ಬಿಟ್ಟು ಕೊನೆಯ ಮೂರೂ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಊರಿನಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಅವರ ಜಿಪ್‌ಕೋಡಿನಲ್ಲಿ ಇದ್ದವರು ಒಬ್ಬರೇ! ರಾಜ್ಯಪಾಲರ ರೋಗನಿರ್ಣಯ, ಅವರಿಗೆ ಬರೆದುಕೊಟ್ಟ ಔಷಧ ಎಲ್ಲವೂ ವಿದ್ಯಾರ್ಥಿನಿಯ ಮೇಜಿನ ಮೇಲೆ ಬಂದು ಕುಳಿತವು.

ಇದನ್ನು ನಾನು ಮಕ್ಕಳಿಗೆ ಲೆಕ್ಕ ಮಾಡಿಸಿಯೇ ತೋರಿಸುತ್ತೇನೆ. ನಾನು ಕಲಿಸುವುದು ವಿಜ್ಞಾನವಾದರೂ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ಪೀರಿಯಡ್ಡೂ ನನ್ನದೇ. ಗೋಡೆಯ ಮೇಲೆ ಪಾರಿವಾಳದ ಗೂಡುಗಳಿವೆಯೆಂದು ಭಾವಿಸಿ, ಮಕ್ಕಳೇ. ವರ್ಷದ 365 ದಿನಕ್ಕೊಂದೊಂದರಂತೆ 80 ವರ್ಷಗಳಿಗೆ 29,200 ಗೂಡು. ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಎಂದರೆ 58,400. ಈಗ 25,000 ಜನರಿರುವ ಒಂದು ಪಿನ್‌ಕೋಡಿನವರನ್ನೆಲ್ಲ ಅವರವರ ಗೂಡಿನಲ್ಲಿ ಕೂರಿಸಿ. ಜನರಿಗಿಂತ ಗೂಡುಗಳೇ ಹೆಚ್ಚು! ಜನ್ಮದಿನಗಳು ಸಮವಾಗಿ ಹಂಚಿಹೋಗಿವೆ ಎಂದಿಟ್ಟುಕೊಂಡರೆ, ಸುಮಾರು ಮೂರರಲ್ಲಿ ಎರಡು ಪಾಲು ಜನ ತಂತಮ್ಮ ಗೂಡಿನಲ್ಲಿ ಒಬ್ಬೊಬ್ಬರೇ ಕೂತಿರುತ್ತಾರೆ. ಒಬ್ಬರೇ ಕೂತವರಿಗೆ ಹೆಸರೇಕೆ ಬೇಕು? ಗೂಡಿನ ಸಂಖ್ಯೆಯೇ ಹೆಸರು. ಅಮೆರಿಕದ ಜನರಲ್ಲಿ ಶೇಕಡಾ 87 ಮಂದಿಯನ್ನು ಈ ಮೂರೇ ವಿವರಗಳಿಂದ ಗುರುತಿಸಬಹುದೆಂದು ಸ್ವೀನಿ 2000ದಲ್ಲಿ ಲೆಕ್ಕ ಹಾಕಿದರು. 2006ರಲ್ಲಿ ಇನ್ನೊಬ್ಬ ಸಂಶೋಧಕರು ಮತ್ತೆ ಲೆಕ್ಕ ಹಾಕಿ, ಅಷ್ಟಿಲ್ಲ, ಸುಮಾರು 63 ಎಂದರು. ವಿಜ್ಞಾನದಲ್ಲಿ ಹೀಗೆ ತಿದ್ದುಪಡಿ ನಡೆಯುತ್ತಲೇ ಇರುತ್ತದೆ. 63 ಆದರೂ ನೆಮ್ಮದಿಯ ಅಂಕಿಯೇನಲ್ಲ.

ಜಾಣ ಹುಡುಗನೊಬ್ಬ ಒಮ್ಮೆ ಅಡ್ಡಪ್ರಶ್ನೆ ಹಾಕಿದ. ‘ಸಾರ್, 45 ಜನರ ಕ್ಲಾಸಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರೋ ಸಂಭವ ನೂರಕ್ಕೆ 94 ಅಂತ ನೀವೇ ಹೇಳಿದ್ರಲ್ಲ? ಹಾಗಿದ್ಮೇಲೆ ಒಬ್ಬರೇ ಹ್ಯಾಗೆ ಸಿಕ್ಕಿಬೀಳ್ತಾರೆ?’ ಒಳ್ಳೆಯ ಪ್ರಶ್ನೆ. ಯಾರೋ ಇಬ್ಬರದು ಒಂದೇ ದಿನ ಬರುವುದು ಬೇರೆ, ನಿನ್ನ ದಿನವೇ ಇನ್ನೊಬ್ಬನಿಗೆ ಬರುವುದು ಬೇರೆ. ಎರಡನೆಯದರ ಸಂಭವ ಆ ಕ್ಲಾಸಿನಲ್ಲಿ ನೂರಕ್ಕೆ ಸುಮಾರು 11 ಮಾತ್ರ. ಗುಂಪಿನಲ್ಲಿದ್ದೇನೆ, ನನ್ನನ್ನು ಯಾರು ಗುರುತಿಸುತ್ತಾರೆ ಎಂಬ ಧೈರ್ಯ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಅಂದಹಾಗೆ, ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳು ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದ್ದಾರೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲವೆಂದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಕೊಂಡರು. ಹಾಗಾಗಿ ನಮ್ಮ ರಾಜ್ಯದ ಹಿರಿಯರಲ್ಲಿ ಒಂದು ದೊಡ್ಡ ಹಿಂಡು ಒಂದೇ ಗೂಡಿನಲ್ಲಿ ಒತ್ತಿಕೊಂಡು ಕೂತಿದೆ. ಯಾವ ಸ್ವೀನಿ ಬಂದರೂ ಅವರನ್ನು ಬಿಡಿಸುವುದು ಕಷ್ಟ! ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ. ಹುಟ್ಟಿದ ಗಂಟೆ, ನಿಮಿಷಗಳೂ ಆಸ್ಪತ್ರೆಯಲ್ಲಿ ದಾಖಲಾಗಿರುತ್ತವೆ.

ಅಮೆರಿಕದಲ್ಲಿ ‘ಹಿಪಾ’ ಎಂಬ ಕಾಯಿದೆ 1996ರಲ್ಲಿಯೇ ಬಂದಿತ್ತು. ಅದರಡಿ ಗುಟ್ಟು ಕಾಯುವ ನಿಯಮಗಳು 2003ರಲ್ಲಿ ಜಾರಿಯಾದವು. ದಾಖಲೆಯಿಂದ ತೆಗೆಯಬೇಕಾದ 18 ಬಗೆಯ ಗುರುತುಗಳನ್ನು ಅವು ಪಟ್ಟಿ ಮಾಡುತ್ತವೆ. ಹೆಸರಷ್ಟೇ ಅಲ್ಲ, ವರ್ಷವೊಂದನ್ನು ಉಳಿಸಿ ದಿನಾಂಕವನ್ನು ಅಳಿಸಬೇಕು, ಜಿಪ್‌ಕೋಡಿನ ಕೊನೆಯ ಅಂಕಿಗಳನ್ನೂ ಬಿಡಬೇಕು. ಗೂಡುಗಳನ್ನು ಒಡೆದು ದೊಡ್ಡದು ಮಾಡುವ ಉಪಾಯ ಇದು, ಅಷ್ಟೇ.

ದೂರದ ಮಾತೇಕೆ? 2020ರ ಮಾರ್ಚಿನಲ್ಲಿ, ಕೋವಿಡ್ ಭಯ ಹಬ್ಬುತ್ತಿದ್ದಾಗ, ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಜಿಲ್ಲಾವಾರು ಪ್ರಕಟಿಸಿತು. ಹೆಸರು ಇರಲಿಲ್ಲ. ಬೀದಿ ಇತ್ತು, ಮನೆಯ ನಂಬರಿತ್ತು. ನೆರೆಹೊರೆಯವರಿಗೆ ಇನ್ನೇನು ಬೇಕು? ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆಗಿನ ಆತಂಕ ಎಂಥದ್ದೆಂದು ನಮಗೆಲ್ಲ ನೆನಪಿದೆ, ಅಧಿಕಾರಿಗಳ ಮೇಲೂ ಅಪಾರ ಒತ್ತಡವಿತ್ತು. ಆದರೂ ಅದು ಸರಿಯಾಗಿತ್ತೆಂದು ನನಗೆ ಅನಿಸುವುದಿಲ್ಲ. ಸೋಂಕಿತರ ಮನೆಯ ಬಾಗಿಲಿಗೆ ಪೋಸ್ಟರು ಅಂಟಿಸುವ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಿಪತ್ತು ನಿರ್ವಹಣಾ ಕಾಯಿದೆಯಡಿ ಅಧಿಕಾರವುಳ್ಳವರ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಕೂಡದೆಂದು ಆ ವರ್ಷದ ಡಿಸೆಂಬರಿನಲ್ಲಿ ಕೋರ್ಟು ಹೇಳಿತು.

ಇದುವರೆಗೆ ಹೇಳಿದ್ದು ಹೊರಗಿನಿಂದ ಇಣುಕುವವರ ವಿಷಯ. ಒಳಗಿದ್ದೇ ಇಣುಕುವವರ ಕಥೆ ಇನ್ನೂ ಸ್ವಾರಸ್ಯವಾದದ್ದು. ಫಾರಾ ಫಾಸೆಟ್ ಎಂಬ ಹಾಲಿವುಡ್ ನಟಿಗೆ 2006ರಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಲಾಸ್ ಏಂಜಲೀಸಿನ ಯುಸಿಎಲ್‌ಎ ವೈದ್ಯಕೀಯ ಕೇಂದ್ರದಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಆಕೆಯ ಕಾಯಿಲೆಯ ಒಂದೊಂದು ವಿವರವೂ ಗಾಸಿಪ್ ಪತ್ರಿಕೆಯೊಂದರಲ್ಲಿ ಬರತೊಡಗಿತು. ತನ್ನವರೇ ಯಾರೋ ಹೇಳುತ್ತಿದ್ದಾರೆಯೆ ಎಂಬ ಸಂಶಯ ಮನುಷ್ಯರನ್ನು ಎಷ್ಟು ಹಿಂಡುತ್ತದೆ, ಊಹಿಸಿ. 2007ರಲ್ಲಿ ಕಾಯಿಲೆ ಮರುಕಳಿಸಿತೆಂದು ಗೊತ್ತಾದಾಗ ಆಕೆ ಒಂದು ಪ್ರಯೋಗ ಮಾಡಿದರು. ಬಂಧುಗಳಿಗೂ ಸ್ನೇಹಿತರಿಗೂ ಬೇಕೆಂದೇ ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಸುದ್ದಿ ಪತ್ರಿಕೆಯಲ್ಲಿತ್ತು! ನಾವು ಪ್ರಯೋಗಶಾಲೆಯಲ್ಲಿ ಒಂದೊಂದೇ ಕಾರಣವನ್ನು ಕಳೆಯುತ್ತ ಹೋಗಿ ಉಳಿದದ್ದನ್ನು ಹಿಡಿಯುತ್ತೇವಲ್ಲ, ಅದೇ ವಿಧಾನ. ಉಳಿದದ್ದು ಆಸ್ಪತ್ರೆ ಮಾತ್ರ. ಕಂಪ್ಯೂಟರಿನ ದಿನಚರಿ ತೆಗೆದು ನೋಡಿದರೆ, ಚಿಕಿತ್ಸೆಗೆ ಸಂಬಂಧವೇ ಇಲ್ಲದ ಆಡಳಿತ ವಿಭಾಗದ ನೌಕರರೊಬ್ಬರು ಆಕೆಯ ದಾಖಲೆಯನ್ನು ಮತ್ತೆ ಮತ್ತೆ ತೆರೆದಿದ್ದರು. ಪತ್ರಿಕೆಯಿಂದ ಅವರಿಗೆ ಸಂದಿದ್ದು 4,600 ಡಾಲರು. ಗಣ್ಯ ರೋಗಿಗಳ ದಾಖಲೆಗಳನ್ನು ಸಿಬ್ಬಂದಿ ಇಣುಕಿ ನೋಡಿದ ದೂರುಗಳ ಇತ್ಯರ್ಥಕ್ಕಾಗಿ ಆ ಸಂಸ್ಥೆ 2011ರಲ್ಲಿ ಸರ್ಕಾರಕ್ಕೆ 8,65,500 ಡಾಲರು ಕಟ್ಟಿತು.

ಕಂಪ್ಯೂಟರಿನ ದಿನಚರಿ ಎಂದೆನಲ್ಲ, ಕಾಗದದ ರಿಜಿಸ್ಟರಿಗೆ ಇಲ್ಲದ ದೊಡ್ಡ ಗುಣ ಅದು. ನಮ್ಮೂರ ಡಾಕ್ಟರು ಊಟಕ್ಕೆ ಹೋದಾಗ ರಿಜಿಸ್ಟರಿನ ಹಾಳೆ ಯಾರು ತಿರುವಿದರೆಂದು ಹೇಳಲು ಸಾಧ್ಯವಿರಲಿಲ್ಲ. ಒಳ್ಳೆಯ ತಂತ್ರಾಂಶ ಹೇಳುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾರ ದಾಖಲೆ ತೆರೆದರು, ಏನನ್ನು ತಿದ್ದಿದರು ಎಂಬುದನ್ನು ಅದು ಅಳಿಸಲಾಗದಂತೆ ಬರೆದಿಟ್ಟುಕೊಳ್ಳಬೇಕು. ನಮ್ಮ 2016ರ ಮಾನದಂಡವೂ ಇಂಥ ದಿನಚರಿಯನ್ನು ಕೇಳುತ್ತದೆ. ಅಪಘಾತವಾಗಿ ಎಚ್ಚರ ತಪ್ಪಿದವನನ್ನು ನಡುರಾತ್ರಿಯಲ್ಲಿ ತಂದರೆ ಯಾರ ಒಪ್ಪಿಗೆ ಕೇಳುವುದು? ಆಗ ಕರ್ತವ್ಯದಲ್ಲಿರುವ ಡಾಕ್ಟರಿಗೆ ದಾಖಲೆ ತೆರೆದುಕೊಳ್ಳಲೇಬೇಕು. ರೈಲಿನ ಸರಪಳಿ ಇದ್ದಂತೆ, ಎಳೆಯುವುದಕ್ಕೆ ಅಡ್ಡಿಯಿಲ್ಲ, ಎಳೆದ ಮೇಲೆ ಕಾರಣ ಹೇಳಬೇಕು.

ಆದರೆ ದಿನಚರಿಯಲ್ಲಿ ಹೆಸರು ಸರಿಯಾಗಿ ಬೀಳಬೇಕಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕಷ್ಟೆ? ಒಮ್ಮೆ ರಕ್ತಪರೀಕ್ಷೆಗೆಂದು ಒಂದು ಕಡೆ ಹೋಗಿದ್ದೆ. ಎಲ್ಲಿ ಎಂಬುದು ಬೇಡ. ಕೌಂಟರಿನ ಕಂಪ್ಯೂಟರಿನ ಅಂಚಿಗೆ ಹಳದಿ ಚೀಟಿಯಲ್ಲಿ ಪಾಸ್‌ವರ್ಡನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಸಾಲಿನಲ್ಲಿ ನಿಂತವರೆಲ್ಲ ಓದಬಹುದಿತ್ತು. ‘ಇದೇನಪ್ಪಾ ಹೀಗೆ?’ ಎಂದರೆ, ‘ನಾವು ಆರು ಜನ ಸಾರ್, ಎಲ್ರಿಗೂ ಒಂದೇ. ಮರ್ತು ಹೋಗುತ್ತೆ ಅಂತ ಅಂಟ್ಸಿದೀವಿ’ ಎಂದು ಆ ಹುಡುಗ ನಕ್ಕ. ಒಳ್ಳೆಯ ಹುಡುಗ, ನನಗೆ ಕುರ್ಚಿಯನ್ನೂ ಕೊಟ್ಟ. ಆ ಕಂಪ್ಯೂಟರು ಎಷ್ಟು ನಿಷ್ಠೆಯಿಂದ ದಿನಚರಿ ಬರೆದರೂ ಅದರಲ್ಲಿ ಆರು ಜನ ಒಬ್ಬನೇ ಮನುಷ್ಯ!

ಗುಟ್ಟು ಹೊರಗೆ ಹೋಗುವುದೊಂದೇ ಅಪಾಯವಲ್ಲ, ಬೇಕಾದಾಗ ದಾಖಲೆ ಸಿಗದೆ ಹೋಗುವುದೂ ಅಪಾಯವೇ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದುಷ್ಕರ್ಮಿಗಳು ಹೊರಗಿನಿಂದಲೇ ಬೀಗ ಜಡಿದರು. ದೇಶದ ಮೂಲೆಮೂಲೆಗಳಿಂದ ಬಂದ ರೋಗಿಗಳು ಸಾಲಿನಲ್ಲಿದ್ದರು. ಸಿಬ್ಬಂದಿ ಚೀಟಿ, ಪೆನ್ನು ಹಿಡಿದು ಹಳೆಯ ಕಾಲಕ್ಕೆ ಮರಳಿದರು. ಸುಮಾರು ಎರಡು ವಾರ ಹೀಗೆಯೇ ನಡೆಯಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದೇ ಕಾರಣವೆಂದು ಸರ್ಕಾರ ಸಂಸತ್ತಿನಲ್ಲಿ ತಿಳಿಸಿತು. ಗದ್ದೆ ಮಾಡುವವರಿಗೆ ಇದು ಚೆನ್ನಾಗಿ ಅರ್ಥವಾದೀತು. ನಡುವೆ ಬದುಗಳಿಲ್ಲದಿದ್ದರೆ ಒಂದು ಮೂಲೆಯಲ್ಲಿ ನುಗ್ಗಿದ ನೀರು ಇಡೀ ಬಯಲನ್ನು ಮುಳುಗಿಸುತ್ತದೆ. ಬೇರೊಂದು ಸರ್ವರಿನಲ್ಲಿದ್ದ ಮೀಸಲು ಪ್ರತಿಗೆ ಅಪಾಯವಾಗಿರಲಿಲ್ಲ, ಅದರಿಂದಲೇ ಮಾಹಿತಿ ಮರಳಿ ಸಿಕ್ಕಿತು. ಬಿತ್ತನೆ ಬೀಜವನ್ನು ಬೇರೆ ಮಡಕೆಯಲ್ಲಿ ತೆಗೆದಿಡುವ ನಮ್ಮ ಅಜ್ಜಿಯರು ಕಂಪ್ಯೂಟರ್ ಕಲಿತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಒಬ್ಬ ಹುಡುಗಿ. ಅವಳೂ ಅವಳ ತಾಯಿಯೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಬಿಟ್ಟರೆ ಸಾಲದೆಂದು ಮೇಲೆ ನಾನೇ ವಾದಿಸಿದ್ದೇನೆ. ಆದ್ದರಿಂದ ಶಾಲೆ, ವರ್ಷ, ತರಗತಿ ಯಾವುದನ್ನೂ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಆಕೆಯ ತಾಯಿ ಶಾಲೆಗೆ ಬಂದು, ಲ್ಯಾಬಿನಲ್ಲಿ ನಾನೊಬ್ಬನೇ ಇರುವುದನ್ನು ಖಾತ್ರಿಮಾಡಿಕೊಂಡು ಒಳಗೆ ಬಂದರು. ‘ನಿಮಗೊಬ್ರಿಗೆ ಹೇಳ್ತಿದೀನಿ ಸಾರ್. ಮಗೂಗೆ ಫಿಟ್ಸ್ ಇದೆ. ಮಾತ್ರೆ ತಗೋತಾಳೆ, ವರ್ಷದಿಂದ ಬಂದಿಲ್ಲ. ನಮ್ಮ ನೆಂಟರಿಗೂ ಗೊತ್ತಿಲ್ಲ. ನಾಳೆ ಮದ್ವೆ ಮಾಡ್ಬೇಕಾದ ಹುಡುಗಿ...’ ಎಂದು ಮಾತು ನಿಲ್ಲಿಸಿದರು. ಮೂರ್ಛೆ ಅಂಟುರೋಗವಲ್ಲ, ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಬಹಳ ಜನರಲ್ಲಿ ಹತೋಟಿಗೆ ಬರುತ್ತದೆ ಎಂದು ಆಕೆಗೆ ನಾನು ಹೇಳಬೇಕಾಗಿರಲಿಲ್ಲ. ಆಕೆಗೆ ಭಯವಿದ್ದದ್ದು ಊರಿನ ಬಾಯಿಗೆ. ‘ನೋಡಮ್ಮ, ಆಟದ ಮೇಷ್ಟ್ರಿಗೂ ಗೊತ್ತಿರಬೇಕಾಗುತ್ತೆ. ಮೈದಾನದಲ್ಲಿ ಬಿದ್ದರೆ ಮೊದಲು ಓಡಿಬರೋರು ಅವರು’ ಎಂದೆ. ಆಕೆ ಬಹಳ ಹೊತ್ತು ಯೋಚಿಸಿ, ‘ಅವರಿಗೂ ಹೇಳಿ. ಇನ್ಯಾರಿಗೂ ಬೇಡ’ ಎಂದರು. ಒಂದು ಪಕ್ಕಕ್ಕೆ ಹೊರಳಿಸಬೇಕು, ಕುತ್ತಿಗೆಯ ಗುಂಡಿ ಸಡಿಲಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೈಗೆ ಬೀಗದ ಕೈ ಹಿಡಿಸುವ ಮೂಢತನ ಬೇಡ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು ಎಂದು ಆಟದ ಮೇಷ್ಟ್ರಿಗೆ ಹೇಳಿಕೊಟ್ಟೆ.

ಗೌಪ್ಯವೆಂದರೆ ಯಾರಿಗೂ ಹೇಳದಿರುವುದು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಆ ತಾಯಿ ಯಾರಿಗೂ ಹೇಳದಿದ್ದರೆ ಮಗುವಿಗೆ ಅಪಾಯವಿತ್ತು. ತಿಳಿದಿರಬೇಕಾದ ಇಬ್ಬರಿಗೆ ತಿಳಿದಿತ್ತು, ಬೇಡದವರಿಗೆ ತಿಳಿದಿರಲಿಲ್ಲ. ಆರೋಗ್ಯದ ತಂತ್ರಾಂಶ ಬರೆಯುವವರು ಸಾವಿರಾರು ಸಾಲುಗಳಲ್ಲಿ ಮಾಡಲು ಹೆಣಗುವುದೂ ಇದನ್ನೇ. ಡಾಕ್ಟರಿಗೆ ಕಾಣುವುದು ನರ್ಸಿಗೆ ಎಷ್ಟು ಕಾಣಬೇಕು, ಬಿಲ್ಲು ಬರೆಯುವವರಿಗೆ ಎಷ್ಟು ಕಾಣಬಾರದು ಎಂಬುದನ್ನು ಒಂದೊಂದಾಗಿ ಗೊತ್ತುಮಾಡಬೇಕು.

ಕೆಲವು ತಿಂಗಳ ನಂತರ ಮಕ್ಕಳ ಆರೋಗ್ಯ ತಪಾಸಣೆಗೆಂದು ಒಂದು ತಂಡ ಬಂತು. ಒಳ್ಳೆಯ ಉದ್ದೇಶದಿಂದಲೇ ಬಂದವರು. ಅವರು ಕೇಳಿದಾಗ ಹುಡುಗಿ ಸತ್ಯವನ್ನೇ ಹೇಳಿದಳು, ಡಾಕ್ಟರಿಗೆ ಸುಳ್ಳು ಹೇಳಬಾರದೆಂದು ನಾವೇ ಕಲಿಸಿದ್ದೇವಲ್ಲ? ವಾರದ ನಂತರ, ಮುಂದಿನ ಪರೀಕ್ಷೆಗೆ ಯಾರು ಯಾರು ಬರಬೇಕೆಂದು ತಿಳಿಸಲು, ಇಡೀ ಶಾಲೆಯ ಪಟ್ಟಿಯನ್ನು ಯಾರೋ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಸರು, ತಂದೆಯ ಹೆಸರು, ತರಗತಿ, ತೊಂದರೆ ಎಂದು ನಾಲ್ಕು ಕಂಬ. ಅರ್ಧ ಗಂಟೆಯಲ್ಲಿ ಅಳಿಸಿದರಂತೆ. ಅಷ್ಟರಲ್ಲಿ ಅದು ಎಷ್ಟು ಮೊಬೈಲುಗಳಲ್ಲಿ ಇಳಿದಿತ್ತೋ! ಮರುದಿನ ಪ್ರಾರ್ಥನೆಯ ಹೊತ್ತಿಗೆ ಅವಳ ಪಕ್ಕದ ಜಾಗ ಖಾಲಿಯಿತ್ತು. ಮೂರನೆಯ ದಿನ ಅವಳೇ ಬರಲಿಲ್ಲ. ಹದಿನೇಳು ದಿನ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಎಣಿಸಿದ್ದೇನೆ. ಮನೆಗೆ ಹೋದಾಗ ಆ ತಾಯಿ ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: ‘ನಾನು ಯಾರಿಗೆ ಹೇಳಿದ್ದೆ ಸಾರ್, ಯಾರಿಗೆ ಗೊತ್ತಾಯ್ತು?’

ಇಲ್ಲಿ ಯಾವ ಸರ್ವರಿಗೂ ಕಳ್ಳರು ನುಗ್ಗಿರಲಿಲ್ಲ, ಯಾವ ಪಾಸ್‌ವರ್ಡೂ ಮುರಿದಿರಲಿಲ್ಲ.

ಕಾಯಿದೆಯ ಬಲ ನಮಗಿಲ್ಲದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪು ಒಬ್ಬ ಕನ್ನಡಿಗರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಕುರಿತು ಆ ಮೊಕದ್ದಮೆ ಹೂಡಿದಾಗ ಅವರಿಗೆ 86 ವರ್ಷ. 2024ರಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಎಚ್‌ಐವಿ ಸೋಂಕಿತರ ಗುಟ್ಟಿಗೂ ಮಾನಸಿಕ ಕಾಯಿಲೆಯವರ ಗುಟ್ಟಿಗೂ 2017ರಲ್ಲಿಯೇ ಪ್ರತ್ಯೇಕ ಕಾಯಿದೆಗಳು ಬಂದವು. ಎಲ್ಲ ಬಗೆಯ ವೈಯಕ್ತಿಕ ಮಾಹಿತಿಗೂ ಅನ್ವಯಿಸುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಅಂಗೀಕಾರವಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದವು. ಮುಖ್ಯ ಕರ್ತವ್ಯಗಳಿಗೆ ಸಿದ್ಧವಾಗಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟರು. ಮಾಹಿತಿಯನ್ನು ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೂ ದಂಡ ಹಾಕಬಹುದು. ಆದರೆ ಆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಗುಟ್ಟು ಕಳೆದುಕೊಂಡವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಇದು ನನಗೆ ಸರಿಕಾಣುವುದಿಲ್ಲ.

ಪೋಷಕರು ಗಮನಿಸಬೇಕಾದ ಎರಡು ಮಾತು ಆ ಕಾಯಿದೆಯಲ್ಲಿವೆ. ಹದಿನೆಂಟು ತುಂಬದ ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ನೀವು. ಆ ಒಪ್ಪಿಗೆಪತ್ರವನ್ನು ಕನ್ನಡದಲ್ಲಿಯೇ ಕೊಡಿ ಎಂದು ಕೇಳಬಹುದು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶವಿರಬೇಕೆಂದು ಕಾಯಿದೆಯೇ ಹೇಳುತ್ತದೆ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ, ಹಿಂದಕ್ಕೂ ಪಡೆಯಬಹುದು. ಇನ್ನೊಂದು ಹಳೆಯ ನಿಯಮ, 2002ರದ್ದು, ಬಹಳ ಜನರಿಗೆ ಗೊತ್ತಿಲ್ಲ. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟುಕೊಂಡಿರಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಗುಟ್ಟು ಪರರಿಂದ ಮುಚ್ಚಿಡಲು, ನಮ್ಮಿಂದಲೇ ಅಲ್ಲ.

ಆ ಹುಡುಗಿ ಮತ್ತೆ ಶಾಲೆಗೆ ಬಂದಳು. ಅದಕ್ಕೆ ಕಾರಣ ನಾನಲ್ಲ, ಅವಳ ಇಬ್ಬರು ಗೆಳತಿಯರು. ಒಂದು ಸೋಮವಾರ ಅವರೇ ಮನೆಗೆ ಹೋಗಿ ಚೀಲವನ್ನು ತಾವೇ ಹೊತ್ತು ಕರೆತಂದರು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು. ಜೂನಿನಲ್ಲಿ ಪಿಯುಸಿಯ ಅರ್ಜಿ ಹಿಡಿದು, ಈ ಬಾರಿ ತಾಯಿಯಿಲ್ಲದೆ ಒಬ್ಬಳೇ, ನನ್ನ ಬಳಿ ಬಂದಿದ್ದಳು. ಎರಡನೆಯ ಪುಟದಲ್ಲಿ ‘ಆರೋಗ್ಯದ ತೊಂದರೆಗಳಿದ್ದಲ್ಲಿ ವಿವರ’ ಎಂಬ ಕಂಬವಿತ್ತು.

‘ಇದನ್ನ ಯಾರು ಓದ್ತಾರೆ ಸಾರ್?’

‘ಮೊದಲು ಗುಮಾಸ್ತರು ಓದ್ತಾರಮ್ಮ. ಆಮೇಲೆ ಕಂಪ್ಯೂಟರಿಗೆ ಹಾಕ್ತಾರೆ.’

ಖಾಲಿ ಬಿಟ್ಟರೆ ಅಪಾಯ, ಬರೆದರೆ ಮತ್ತೊಂದು ಪಟ್ಟಿ. ಅವಳು ಪೆನ್ನಿನ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ದುಂಡಗಿನ ಅಕ್ಷರದಲ್ಲಿ, ‘ಪ್ರಾಂಶುಪಾಲರಿಗೆ ನಾನೇ ಖುದ್ದಾಗಿ ತಿಳಿಸುತ್ತೇನೆ’ ಎಂದು ಬರೆದು, ಸಹಿ ಹಾಕಿ, ಅರ್ಜಿಯನ್ನು ಮಡಚಿಕೊಂಡು ಬಸ್ಸು ಹಿಡಿಯಲು ಓಡಿದಳು.